ವಾಲ್ವ್ ಮತ್ತು ಟ್ರಾನ್ಸಿಸ್ಟರ್ ಒಂದೇ ಮೇಜಿನ ಮೇಲೆ: ಎರಡು ಗಿಟಾರ್ ಆಂಪ್‌ಗಳ ದುರಸ್ತಿ ಟಿಪ್ಪಣಿ

ಗೆಳೆಯ ಎರಡು ಗಿಟಾರ್ ಆಂಪ್ಲಿಫೈಯರ್‌ಗಳನ್ನು ಹೊತ್ತು ತಂದು ಮೇಜಿನ ಮೇಲಿಟ್ಟ. "ಇದನ್ನು ಹೇಗಾದರೂ ಬದುಕಿಸು. ಅದು ಬದುಕಿದರೂ ಸರಿ, ಸತ್ತರೂ ಸರಿ" ಎಂದ.

ಬದುಕಲೇಬೇಕಾದದ್ದು 15 ವ್ಯಾಟ್‌ನ ವಾಲ್ವ್ ಆಂಪ್, ಅಂದರೆ ಗಾಜಿನ ಬುರುಡೆಯ ನಿರ್ವಾತ ನಳಿಕೆಗಳಿಂದ ನಡೆಯುವಂಥದ್ದು. ಮೊದಲ ಹಂತಗಳಲ್ಲಿ ಇಸಿಸಿ83 ವಾಲ್ವ್‌ಗಳು, ಕೊನೆಯಲ್ಲಿ ಒಂದು ತಳ್ಳಿದರೆ ಇನ್ನೊಂದು ಎಳೆಯುವ ಪುಶ್‌ಪುಲ್ ಜೋಡಿಯಾಗಿ ಎರಡು ಇಎಲ್84, ವಿದ್ಯುತ್ ಪೂರೈಕೆಗೆ ಎಸಿಯನ್ನು ಡಿಸಿ ಮಾಡುವ ಇಝಡ್81 ರೆಕ್ಟಿಫೈಯರ್ ವಾಲ್ವ್. ಔಟ್‌ಪುಟ್ ಹಂತ 1958ರ ವಾಕ್ಸ್ ಎಸಿ15 ಹಾಕಿಕೊಟ್ಟ ಜಾಡಿನಲ್ಲೇ ಇದೆ. ಎರಡೂ ಇಎಲ್84ಗಳ ಕ್ಯಾಥೋಡ್‌ಗಳಿಗೆ, ಅಂದರೆ ಎಲೆಕ್ಟ್ರಾನ್ ಹೊರಡುವ ತುದಿಗಳಿಗೆ, ಸೇರಿ 130 ಓಮ್‌ನ ಒಂದೇ ರೆಸಿಸ್ಟರ್. ಸ್ಪೀಕರಿನಿಂದ ಹಿಂದಕ್ಕೆ ಫೀಡ್‌ಬ್ಯಾಕ್ (ಹೊರಬಂದ ಸಂಕೇತದ ಒಂದು ಪಾಲನ್ನು ತಿದ್ದುವುದಕ್ಕಾಗಿ ಹಿಂದಕ್ಕೆ ಕೊಡುವುದು) ಇಲ್ಲ. ಇನ್ನೊಂದು 40 ವ್ಯಾಟ್‌ನ ಟ್ರಾನ್ಸಿಸ್ಟರ್ ಆಂಪ್. ಟಿಎಲ್072 ಐಸಿಗಳ ಪ್ರಿಆಂಪ್, ಬಿಡಿ ಟ್ರಾನ್ಸಿಸ್ಟರ್‌ಗಳ ಔಟ್‌ಪುಟ್ ಹಂತ, ಧನ ಮತ್ತು ಋಣ 30 ವೋಲ್ಟ್‌ನ ಪೂರೈಕೆ. ವಾಲ್ವ್ ಆಂಪ್ ಗುಂಯ್‌ಗುಡುತ್ತಿತ್ತು, ವಿಪರೀತ ಬಿಸಿಯಾಗುತ್ತಿತ್ತು. ಟ್ರಾನ್ಸಿಸ್ಟರ್ ಆಂಪ್ ಮೆಲುದನಿಯಲ್ಲಿ ಕೆರೆಯುತ್ತಿತ್ತು. ಅದರ ಬಗ್ಗೆ ಗೆಳೆಯನ ತೀರ್ಪು ಹಳೆಯದು: "ಅದಕ್ಕೆ ಜೀವವೇ ಇಲ್ಲ." ಆ ಮಾತನ್ನು ಎಷ್ಟೋ ಬಾರಿ ಕೇಳಿದ್ದೇನೆ. ಎರಡೂ ಒಟ್ಟಿಗೆ ಕೈಗೆ ಸಿಕ್ಕಿರುವಾಗ, ಆ ಜೀವ ಯಾವ ಬಿಡಿಭಾಗದಲ್ಲಿ ಕೂತಿದೆ ಎಂದು ಅಳೆದೇ ನೋಡೋಣ ಎನ್ನಿಸಿತು.

ಮೊದಲ ಸಂಜೆ: ಕೆಂಪೇರಿದ ಪ್ಲೇಟು

ವಾಲ್ವ್ ಆಂಪ್ ಬಿಚ್ಚುವವರು ಒಂದು ವಿಷಯವನ್ನು ತಲೆಯಲ್ಲಿಟ್ಟುಕೊಂಡಿರಬೇಕು: ಪ್ಲಗ್ ಕಿತ್ತ ಮೇಲೂ ಅದು ಕೊಲ್ಲಬಲ್ಲದು. ಇದರ ಫಿಲ್ಟರ್ ಕೆಪಾಸಿಟರ್‌ಗಳು ಒಟ್ಟು 100 ಮೈಕ್ರೋಫ್ಯಾರಡ್. 310 ವೋಲ್ಟ್‌ನಲ್ಲಿ ಅವುಗಳೊಳಗೆ ಸುಮಾರು 5 ಜೌಲ್ ಶಕ್ತಿ ಹೊಂಚು ಹಾಕಿ ಕೂತಿರುತ್ತದೆ. ನಾನು 10 ಕಿಲೋಓಮ್‌ನ ದಪ್ಪ ರೆಸಿಸ್ಟರ್ ಒಂದನ್ನು ಕ್ಲಿಪ್‌ಗಳ ನಡುವೆ ಬೆಸೆದು ಇಟ್ಟುಕೊಂಡಿದ್ದೇನೆ. ಅದನ್ನು ಕೆಪಾಸಿಟರಿನಿಂದ ಶಾಸಿಗೆ (ಆಂಪಿನ ಲೋಹದ ಚೌಕಟ್ಟಿಗೆ) ಸಿಕ್ಕಿಸಿ, ಮಲ್ಟಿಮೀಟರ್ ಸೊನ್ನೆಗೆ ಇಳಿಯುವವರೆಗೆ ಕಾಯುತ್ತೇನೆ. ಆಂಪ್ ಉರಿಯುತ್ತಿರುವಾಗ ಅಳೆಯಬೇಕಾದರೆ ಎಡಗೈ ಜೇಬಿನಲ್ಲಿರುತ್ತದೆ. ಇಷ್ಟು ವರ್ಷವಾದರೂ ಈ ಅಭ್ಯಾಸ ಬಿಟ್ಟಿಲ್ಲ, ಬಿಡುವ ಯೋಚನೆಯೂ ಇಲ್ಲ.

ಸ್ಪೀಕರಿನ ಜಾಗದಲ್ಲಿ 8 ಓಮ್‌ನ ಕೃತಕ ಹೊರೆ ಕಟ್ಟಿ, ದೋಷವಿದ್ದರೆ ವಿದ್ಯುತ್ತನ್ನು ತಡೆಯಲೆಂದು ಸರಣಿಯಲ್ಲಿ ತಂತಿಯ ಬಲ್ಬ್ ಇಟ್ಟು ಚಾಲೂ ಮಾಡಿದೆ. ಬಲ್ಬ್ ಒಮ್ಮೆ ಮಿಂಚಿ ಮಂದವಾಯಿತು, ಆದರೆ ಪೂರ್ತಿ ಆರಲಿಲ್ಲ. ಸ್ವಲ್ಪ ಹೊತ್ತಿಗೆ ಬಲ್ಬ್ ತೆಗೆದು ನೇರ ವಿದ್ಯುತ್ ಕೊಟ್ಟು ಕೋಣೆಯ ದೀಪ ಆರಿಸಿದೆ. ಎಡಗಡೆಯ ಇಎಲ್84ರ ಬೂದು ಪ್ಲೇಟಿನ (ಎಲೆಕ್ಟ್ರಾನ್ ಬಂದು ಸೇರುವ ಲೋಹದ ಹಾಳೆಯ) ಮಧ್ಯದಲ್ಲಿ ಹೆಬ್ಬೆರಳ ಉಗುರಿನಷ್ಟು ಜಾಗ ಆರುವ ಕೆಂಡದಂತೆ ಮಂಕಾಗಿ ಕೆಂಪೇರಿತು. ಬಲಗಡೆಯದು ತಣ್ಣಗೆ ಕಪ್ಪಾಗಿಯೇ ಇತ್ತು. ತಕ್ಷಣ ಆರಿಸಿದೆ.

ಇಲ್ಲಿ ನಾನು ದಾರಿ ತಪ್ಪಿದೆ. ಗುಂಯ್ ಎನ್ನುವ ಸದ್ದು 100 ಹರ್ಟ್ಸ್‌ನದು. ಗಿಟಾರಿನ ದಪ್ಪ ತಂತಿಯ ಮೂರನೇ ಮನೆ ಒತ್ತಿದರೆ ಬರುವ 98 ಹರ್ಟ್ಸ್‌ನ ಸ್ವರಕ್ಕೆ ಬಹುತೇಕ ಹೊಂದುತ್ತಿತ್ತು. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಈ ಇಮ್ಮಡಿ ಸ್ವರ ಬಂದರೆ ಅದು ರೆಕ್ಟಿಫೈಯರ್ ದಾಟಿ ಬಂದ ಅಲೆ. ಹಾಗಾಗಿ ಫಿಲ್ಟರ್ ಕೆಪಾಸಿಟರ್ ಒಣಗಿದೆ ಎಂದು ತೀರ್ಮಾನಿಸಿ, ಹೊಸದೊಂದನ್ನು ಪಕ್ಕದಲ್ಲಿ ಜೋಡಿಸಿ ನೋಡಿದೆ. ಗುಂಯ್‌ಗೆ ಏನೂ ಆಗಲಿಲ್ಲ. ಆಮೇಲಷ್ಟೇ ಹೊಳೆದದ್ದು: ಪುಶ್‌ಪುಲ್ ಜೋಡಿಯ ಎರಡೂ ವಾಲ್ವ್‌ಗಳು ಸಮನಾಗಿ ವಿದ್ಯುತ್ ಎಳೆಯುತ್ತಿದ್ದರೆ ಆ ಅಲೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ಪರಸ್ಪರ ರದ್ದಾಗುತ್ತದೆ. ಒಂದು ಹೆಚ್ಚು, ಒಂದು ಕಡಿಮೆ ಎಳೆದರೆ ರದ್ದತಿ ಕೆಡುತ್ತದೆ. ಕೆಂಪು ಪ್ಲೇಟು, ಗುಂಯ್ ಸದ್ದು ಎರಡಕ್ಕೂ ಬೇರು ಒಂದೇ.

ಕ್ಯಾಥೋಡ್ ರೆಸಿಸ್ಟರಿನ ಮೇಲೆ 11.8 ವೋಲ್ಟ್ ಇತ್ತು, ಅಂದರೆ ಎರಡೂ ವಾಲ್ವ್ ಸೇರಿ ಸುಮಾರು 91 ಮಿಲಿಆಂಪ್. ಇರಬೇಕಾದದ್ದು 80ರ ಆಸುಪಾಸು. ಹನ್ನೊಂದು ಮಿಲಿಆಂಪ್ ಹೆಚ್ಚಾದ ಮಾತ್ರಕ್ಕೆ ಪ್ಲೇಟು ಕೆಂಪಾಗುವುದೇ? ಹಂಚಿಕೊಂಡ ಕ್ಯಾಥೋಡಿನ ಮೋಸ ಇದು. ಎಡ ವಾಲ್ವ್ ಹೆಚ್ಚು ಎಳೆದಾಗ ಕ್ಯಾಥೋಡ್ ವೋಲ್ಟೇಜ್ ಏರುತ್ತದೆ. ಆ ಏರಿಕೆ ಬಲ ವಾಲ್ವನ್ನು ಮುಚ್ಚುತ್ತಾ ಹೋಗುತ್ತದೆ. ಒಂದು ತಿಂದು ತೇಗುತ್ತಿತ್ತು, ಇನ್ನೊಂದು ಉಪವಾಸವಿತ್ತು, ಒಟ್ಟು ಲೆಕ್ಕ ಮಾತ್ರ ತಕ್ಕಮಟ್ಟಿಗೆ ಸರಿಯಾಗಿಯೇ ಕಾಣುತ್ತಿತ್ತು.

ಎಡ ವಾಲ್ವಿನ ಎರಡನೇ ಪಿನ್, ಅಂದರೆ ವಾಲ್ವಿನ ಹರಿವನ್ನು ಹತೋಟಿಯಲ್ಲಿಡುವ ಗ್ರಿಡ್, ಸೊನ್ನೆ ವೋಲ್ಟ್‌ನಲ್ಲಿರಬೇಕಿತ್ತು. ಅಲ್ಲಿ 4 ವೋಲ್ಟ್ ಇತ್ತು. ತಪ್ಪು ವಾಲ್ವಿನದೋ, ಅದಕ್ಕೆ ಸಂಕೇತ ತಂದುಕೊಡುವ ಕಪ್ಲಿಂಗ್ ಕೆಪಾಸಿಟರಿನದೋ ತಿಳಿಯಲು ಸುಲಭ ಪರೀಕ್ಷೆಯಿದೆ. ತಣ್ಣಗಾದ ಮೇಲೆ ಎರಡೂ ಇಎಲ್84ಗಳನ್ನು ಕಿತ್ತು ಪಕ್ಕಕ್ಕಿಟ್ಟು, ಖಾಲಿ ಸಾಕೆಟ್ಟಿನಲ್ಲಿ ಅದೇ ಪಿನ್ನನ್ನು ಮತ್ತೆ ಅಳೆದೆ. ವಾಲ್ವ್ ಇಲ್ಲದಿದ್ದರೂ ನಾಲ್ಕು ವೋಲ್ಟ್ ಹಾಗೆಯೇ ನಿಂತಿತ್ತು. ಕೆಪಾಸಿಟರ್ ಸೋರುತ್ತಿದೆ. ಅದರ ಆ ಬದಿಯಲ್ಲಿ 200 ವೋಲ್ಟ್, ಈ ಬದಿಯ ಗ್ರಿಡ್ ರೆಸಿಸ್ಟರ್ 220 ಕಿಲೋಓಮ್. ಸೋರಿಕೆ ಬರೀ 18 ಮೈಕ್ರೋಆಂಪ್ ಎಂದಾಯಿತು. ಕೆಪಾಸಿಟರನ್ನು ಬಿಚ್ಚಿ ಮಲ್ಟಿಮೀಟರಿಗೆ ಕೊಟ್ಟರೆ ಏನೂ ದೋಷವಿಲ್ಲ ಎಂದಿತು. ಮೀಟರಿನ ಒಂದೆರಡು ವೋಲ್ಟ್‌ಗೆ ಅದು ಬಾಯಿ ಬಿಡುವುದಿಲ್ಲ. ಎರಡೂ ಬದಿಯ ಕಪ್ಲಿಂಗ್ ಕೆಪಾಸಿಟರ್‌ಗಳನ್ನು 630 ವೋಲ್ಟ್‌ನ ಹೊಸ ಫಿಲ್ಮ್ ಕೆಪಾಸಿಟರ್‌ಗಳಿಗೆ ಬದಲಿಸಿದೆ. ಗ್ರಿಡ್ ಸೊನ್ನೆಗೆ ಬಂತು, ಕ್ಯಾಥೋಡ್ 10.4ಕ್ಕೆ ಇಳಿಯಿತು, ಗುಂಯ್ ಹೋಯಿತು. ಕೆಂಪೇರಿದ ವಾಲ್ವ್ ಅದೃಷ್ಟವಶಾತ್ ಉಳಿದಿತ್ತು. ಈಗ ಪ್ರತಿ ಪ್ಲೇಟಿನ ಮೇಲೆ 11 ವ್ಯಾಟ್‌ಗೆ ತುಸು ಕಡಿಮೆ. ಇಎಲ್84ರ ಮಿತಿ 12.

ಎರಡನೇ ಸಂಜೆ: ಅಡಗುವಾಗ ಕೆರೆಯುವ ಸ್ವರ

ಟ್ರಾನ್ಸಿಸ್ಟರ್ ಆಂಪಿನ ಕಾಯಿಲೆ ಇದರ ತದ್ವಿರುದ್ಧ. ಜೋರಾಗಿ ನುಡಿಸಿದರೆ ಸರಿ. ಒಂದು ಸ್ವರ ಮೀಟಿ ಬಿಟ್ಟರೆ, ಅದು ಅಡಗುತ್ತಾ ಹೋಗುವ ಕೊನೆಯ ಗಳಿಗೆಯಲ್ಲಿ ಮರಳು ಉಜ್ಜಿದಂತೆ ಕೆರೆಯುತ್ತಿತ್ತು. ಆಸಿಲೋಸ್ಕೋಪಿನಲ್ಲಿ ಕಾರಣ ಕಣ್ಣಿಗೇ ಕಂಡಿತು: ಅಲೆ ಸೊನ್ನೆಯನ್ನು ದಾಟುವ ಕಡೆಯೆಲ್ಲ ಒಂದು ಚಿಕ್ಕ ಮೆಟ್ಟಿಲು. ಮೇಲಿನ ಅರ್ಧವನ್ನು ಹೊರುವ ಟ್ರಾನ್ಸಿಸ್ಟರ್ ಕೈಬಿಟ್ಟ ಮೇಲೆ ಕೆಳಗಿನದು ಹಿಡಿಯುವುದರೊಳಗೆ ಒಂದು ಕ್ಷಣ ಯಾರೂ ಇಲ್ಲ. ಇದೇ ಕ್ರಾಸ್‌ಓವರ್ ವಿಕೃತಿ. ಸಂಕೇತ ಎಷ್ಟು ಚಿಕ್ಕದೋ ಮೆಟ್ಟಿಲು ಅದರಲ್ಲಿ ಅಷ್ಟು ದೊಡ್ಡ ಪಾಲು. ಟ್ರಾನ್ಸಿಸ್ಟರ್ ಸದ್ದು ಒರಟು ಎಂಬ ಅಪಖ್ಯಾತಿಗೆ ಹೀಗೆ ಬಯಾಸ್ (ಸಂಕೇತವಿಲ್ಲದಾಗಲೂ ತುಸು ವಿದ್ಯುತ್ ಹರಿಯುವಂತೆ ಮಾಡುವ ಹೊಂದಾಣಿಕೆ) ತಪ್ಪಿದ ಆಂಪ್‌ಗಳ ಕೊಡುಗೆ ದೊಡ್ಡದಿರಬೇಕು ಎಂಬುದು ನನ್ನ ಅನುಮಾನ.

ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳ 0.33 ಓಮ್ ಎಮಿಟರ್ ರೆಸಿಸ್ಟರ್‌ಗಳ ಮೇಲೆ ಅಳೆದರೆ ಸೊನ್ನೆ ಮಿಲಿವೋಲ್ಟ್. ಬಯಾಸ್ ಹೊಂದಿಸಲು ತಿರುಗಿಸುವ ಪುಟ್ಟ ರೆಸಿಸ್ಟರ್, ಅಂದರೆ ಪ್ರಿಸೆಟ್ಟಿನ ನಡುಗಾಲು ಕಿಲುಬು ಹಿಡಿದು ಸಂಪರ್ಕ ಕಳೆದುಕೊಂಡಿತ್ತು. ಇದನ್ನು ವಿನ್ಯಾಸ ಮಾಡಿದವರಿಗೆ ಒಂದು ನಮಸ್ಕಾರ ಹೇಳಬೇಕು. ಪ್ರಿಸೆಟ್ಟನ್ನು ಬಯಾಸ್ ಟ್ರಾನ್ಸಿಸ್ಟರಿನ ಬೇಸ್ ಮತ್ತು ಎಮಿಟರ್ ನಡುವೆ ಇಟ್ಟಿದ್ದರು. ಅಲ್ಲಿ ಅದು ಕಡಿದುಹೋದರೆ ಬಯಾಸ್ ಕುಸಿಯುತ್ತದೆ, ಆಂಪ್ ಕೆರೆಯುತ್ತದೆ, ಅಷ್ಟೇ. ಇನ್ನೊಂದು ಬದಿಯಲ್ಲಿ ಇಟ್ಟಿದ್ದರೆ ಬಯಾಸ್ ಹುಚ್ಚೆದ್ದು ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಸುಟ್ಟು ಹೋಗುತ್ತಿದ್ದವು. ಹೊಸ ಪ್ರಿಸೆಟ್ ಹಾಕಿ 10 ಮಿಲಿವೋಲ್ಟ್‌ಗೆ, ಅಂದರೆ 30 ಮಿಲಿಆಂಪ್‌ಗೆ, ನಿಲ್ಲಿಸಿದೆ. ಹೀಟ್‌ಸಿಂಕ್ ಬೆಚ್ಚಗಾದ ಮೇಲೆ ಇನ್ನೊಮ್ಮೆ ನೋಡಿದೆ. ಮೆಟ್ಟಿಲು ಮಾಯ. ಅರ್ಧ ಗಂಟೆಯ ಕೆಲಸ.

ಮೂರನೇ ಸಂಜೆ: ಅಳತೆ

ಎರಡನ್ನೂ ಸರದಿಯಂತೆ ಅದೇ 8 ಓಮ್ ಹೊರೆಗೆ ಕಟ್ಟಿ ಸಂಕೇತವನ್ನು ನಿಧಾನವಾಗಿ ಏರಿಸಿದೆ. ಟ್ರಾನ್ಸಿಸ್ಟರ್ ಆಂಪ್ 25 ವೋಲ್ಟ್ ಶೃಂಗದವರೆಗೆ ಅಲೆಯನ್ನು ಕೆಡಿಸಲೇ ಇಲ್ಲ. ಆಮೇಲೆ ಕತ್ತಿಯಿಂದ ಸವರಿದಂತೆ ತಲೆ ಕತ್ತರಿಸಿತು. ಲೆಕ್ಕ ಹಾಕಿದರೆ 39 ವ್ಯಾಟ್. ವಾಲ್ವ್ ಆಂಪಿನ ಅಲೆ 11 ವೋಲ್ಟ್ ದಾಟುವಾಗಲೇ ಭುಜ ಬಾಗಿಸತೊಡಗಿತು, 15.5 ವೋಲ್ಟ್‌ಗೆ ಅದರ 15 ವ್ಯಾಟ್ ಮುಗಿಯಿತು. ಇನ್ನೂ ಒತ್ತಿದರೆ ಪೂರೈಕೆ 310ರಿಂದ 285 ವೋಲ್ಟ್‌ಗೆ ಕುಗ್ಗಿತು, ಗ್ರಿಡ್‌ಗಳು ವಿದ್ಯುತ್ ಎಳೆಯತೊಡಗಿ ಬಯಾಸ್ ಜಾರಿತು. ಆಗ ಪರದೆಯ ಮೇಲೆ ಏನು ಕಂಡಿತೆಂದುಕೊಂಡಿರಿ? ಸೊನ್ನೆಯ ಬಳಿ ಅದೇ ಮೆಟ್ಟಿಲು. ನಿನ್ನೆ ಕಾಯಿಲೆಯೆಂದು ವಾಸಿ ಮಾಡಿದ್ದನ್ನೇ ಇಂದು ವಾಲ್ವ್ ಆಂಪ್ ತನ್ನ ಗುಣವೆಂಬಂತೆ ತೋರಿಸುತ್ತಿತ್ತು. ವ್ಯತ್ಯಾಸ ಇಷ್ಟೇ: ಇಲ್ಲಿ ಅದು ಜೋರಿನಲ್ಲಿ, ಬೇರೆ ಹತ್ತು ವಿಕೃತಿಗಳ ಗದ್ದಲದ ನಡುವೆ ಬರುತ್ತದೆ. ಅಲ್ಲಿ ಮೌನದ ಅಂಚಿನಲ್ಲಿ ಒಂಟಿಯಾಗಿ ನಿಂತು ಕಿವಿಗೆ ಚುಚ್ಚುತ್ತಿತ್ತು.

ವಾಲ್ವ್ ಎಂದರೆ ಸಮ ಹಾರ್ಮೋನಿಕ್‌ಗಳು (ಮೂಲ ಸ್ವರದ ಎರಡು, ನಾಲ್ಕು ಪಟ್ಟು ಆವರ್ತನದ ಸ್ವರಗಳು), ಅದಕ್ಕೇ ಮಾಧುರ್ಯ ಎಂಬ ಮಾತು ಎಲ್ಲೆಡೆ ಕೇಳುತ್ತದೆ. ಇಸಿಸಿ83ರಲ್ಲಿರುವಂಥ ಒಂಟಿ ಟ್ರಯೋಡ್ ಹಂತದ ಮಟ್ಟಿಗೆ ಮಾತು ಸರಿ, ಅಲ್ಲಿ ಎರಡನೇ ಹಾರ್ಮೋನಿಕ್ ಧಾರಾಳ. ಆದರೆ ಪುಶ್‌ಪುಲ್ ಔಟ್‌ಪುಟ್ ಹಂತ ತನ್ನಲ್ಲಿ ಹುಟ್ಟುವ ಸಮ ಹಾರ್ಮೋನಿಕ್‌ಗಳನ್ನು ತಾನೇ ರದ್ದು ಮಾಡಿಕೊಳ್ಳುತ್ತದೆ. ಹೆಸರಾಂತ ಗಿಟಾರ್ ಆಂಪ್‌ಗಳಲ್ಲಿ ಬಹುಪಾಲು ಪುಶ್‌ಪುಲ್ ಎಂಬುದನ್ನು ನೆನೆದರೆ ಈ ವಿವರಣೆ ಕುಂಟುತ್ತದೆ.

ನನ್ನ ಕುತೂಹಲ ಇದ್ದದ್ದು ಬೇರೆಡೆ. ಮೆಲುವಾಗಿ, ಯಾವ ವಿಕೃತಿಯೂ ಇಲ್ಲದೆ ನುಡಿಸುವಾಗಲೂ ಎರಡೂ ಬೇರೆ ಬೇರೆ ಕೇಳಿಸುತ್ತವಲ್ಲ, ಅದೇಕೆ?

ಸಣ್ಣ ಸಂಕೇತ ಕೊಟ್ಟು 8 ಓಮ್ ಮೇಲೆ ಸರಿಯಾಗಿ 1 ವೋಲ್ಟ್ ಬರುವಂತೆ ಹೊಂದಿಸಿ, ಹೊರೆಯನ್ನು 16 ಓಮ್‌ಗೆ ಬದಲಿಸಿದೆ. ಟ್ರಾನ್ಸಿಸ್ಟರ್ ಆಂಪ್ ಕದಲಲಿಲ್ಲ: 1.00 ವೋಲ್ಟ್. ವಾಲ್ವ್ ಆಂಪ್ 1.66ಕ್ಕೆ ಹಾರಿತು. ಇದರಿಂದ ಲೆಕ್ಕ ಹಾಕಿದರೆ ಅದರ ಔಟ್‌ಪುಟ್ ಇಂಪಿಡೆನ್ಸ್, ಅಂದರೆ ಆಂಪಿನ ಒಳಗಿನದೇ ತಡೆ, ಸುಮಾರು 31 ಓಮ್, ಹೊರೆಯ ನಾಲ್ಕು ಪಟ್ಟು. ಹೊರೆಯನ್ನು ಪೂರ್ತಿ ಕಿತ್ತು ಅಳೆಯುವುದು ಇನ್ನೂ ಸುಲಭ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಹೊರೆಯಿಲ್ಲದೆ ಸಂಕೇತ ಕೊಟ್ಟರೆ ವಾಲ್ವ್ ಆಂಪಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ಭಾರೀ ವೋಲ್ಟೇಜ್ ಎದ್ದು ತಂತಿಯ ಅವಾಹಕ ಹೊದಿಕೆಯೇ ಸೀಳಬಹುದು. ಟ್ರಾನ್ಸಿಸ್ಟರ್ ಆಂಪಿಗೆ ಹೊರೆಯಿಲ್ಲದಿರುವುದು ವಿಶ್ರಾಂತಿ. ಅದನ್ನು ಕೊಲ್ಲುವುದು ಶಾರ್ಟ್ ಸರ್ಕ್ಯೂಟ್.

ಇನ್ನು ಸ್ಪೀಕರ್. ಮೇಲೆ 8 ಓಮ್ ಎಂದು ಬರೆದಿರುವ 12 ಅಂಗುಲದ ಈ ಗಿಟಾರ್ ಸ್ಪೀಕರ್ 8 ಓಮ್ ಇರುವ ಕಡೆಗಳು ಬಹಳ ಕಡಿಮೆ. 400 ಹರ್ಟ್ಸ್ ಹತ್ತಿರ 7 ಓಮ್; ಅನುರಣನದ 85 ಹರ್ಟ್ಸ್‌ನಲ್ಲಿ 60 ಓಮ್; 5000 ಹರ್ಟ್ಸ್‌ನಲ್ಲಿ 25. ಟ್ರಾನ್ಸಿಸ್ಟರ್ ಆಂಪ್ ಈ ಏರಿಳಿತವನ್ನು ಲೆಕ್ಕಿಸದೆ ಎಲ್ಲೆಡೆ ಒಂದೇ ವೋಲ್ಟೇಜ್ ಕೊಡುತ್ತದೆ. 31 ಓಮ್‌ನ ವಾಲ್ವ್ ಆಂಪ್ ಸ್ಪೀಕರಿನ ಏರಿಳಿತದ ಜೊತೆಗೆ ತಾನೂ ಏರಿಳಿಯುತ್ತದೆ: ನಡುವಿನ ಸ್ವರಗಳಿಗೆ ಹೋಲಿಸಿದರೆ 85 ಹರ್ಟ್ಸ್‌ನಲ್ಲಿ 11 ಡೆಸಿಬೆಲ್ ಹೆಚ್ಚು, 5000ದಲ್ಲಿ ಸುಮಾರು 8 ಹೆಚ್ಚು. ಗಿಟಾರಿನ ದಪ್ಪ ತಂತಿ ಬಿಟ್ಟು ಮೀಟಿದರೆ 82 ಹರ್ಟ್ಸ್ ಎಂಬುದನ್ನು ನೆನಪಿಡಿ. ಟೋನ್ ಗುಂಡಿಯನ್ನು ಮುಟ್ಟದೆಯೇ ಕೆಳಗೂ ಮೇಲೂ ಇಷ್ಟು ಎತ್ತಿಕೊಟ್ಟಂತಾಯಿತು. ಮೇಲಾಗಿ, ಸ್ಪೀಕರಿನ ಕೋನ್ ಮೀಟಿದ ಮೇಲೆ ತನ್ನಷ್ಟಕ್ಕೆ ತೂಗುವುದನ್ನು ಟ್ರಾನ್ಸಿಸ್ಟರ್ ಆಂಪ್ ಹಿಡಿದು ನಿಲ್ಲಿಸುತ್ತದೆ, ವಾಲ್ವ್ ಆಂಪ್ ತೂಗಲು ಬಿಡುತ್ತದೆ. ಗೆಳೆಯ ಹೇಳುವ ಜೀವದ ಒಂದು ದೊಡ್ಡ ಪಾಲು ಇಲ್ಲಿದೆ, ಗಾಜಿನ ಬುರುಡೆಯ ಹೊರಗೆ.

ನಾಲ್ಕನೇ ಸಂಜೆ: 0.47 ಓಮ್

ಹಾಗಿದ್ದರೆ ಟ್ರಾನ್ಸಿಸ್ಟರ್ ಆಂಪಿನ ಔಟ್‌ಪುಟ್ ಇಂಪಿಡೆನ್ಸನ್ನು ಏರಿಸಿದರಾಯಿತಲ್ಲ? ದಾರಿ ಹೊಸದೇನಲ್ಲ, ಇದಕ್ಕೆ ಕರೆಂಟ್ ಫೀಡ್‌ಬ್ಯಾಕ್ ಎನ್ನುತ್ತಾರೆ. ಸ್ಪೀಕರಿನ ಮರಳುವ ತಂತಿಗೂ ಗ್ರೌಂಡಿಗೂ ನಡುವೆ ಒಂದು ಸಣ್ಣ ರೆಸಿಸ್ಟರ್ ಇಡಬೇಕು. ಫೀಡ್‌ಬ್ಯಾಕ್ ಜಾಲದ ಕೆಳತುದಿಯನ್ನು ಗ್ರೌಂಡಿನಿಂದ ಬಿಡಿಸಿ ಆ ರೆಸಿಸ್ಟರಿನ ತಲೆಗೆ ಕಟ್ಟಬೇಕು. ಆಗ ಆಂಪ್ ಸ್ಪೀಕರಿನ ವೋಲ್ಟೇಜನ್ನಷ್ಟೇ ಅಲ್ಲದೆ ಅದರಲ್ಲಿ ಹರಿಯುವ ವಿದ್ಯುತ್ತನ್ನೂ ಗಮನಿಸುತ್ತದೆ. ಈ ಆಂಪಿನ ಜಾಲ 22 ಕಿಲೋಓಮ್ ಮತ್ತು 1 ಕಿಲೋಓಮ್. ನಾನು ಆರಿಸಿದ್ದು 0.47 ಓಮ್, 5 ವ್ಯಾಟ್. ಇಂಪಿಡೆನ್ಸ್ 22 ಪಟ್ಟು 0.47, ಅದಕ್ಕೆ ಇನ್ನೊಂದು 0.47 ಸೇರಿ ಸುಮಾರು 11 ಓಮ್ ಆಗಬೇಕು. 31ಕ್ಕೆ ಏರಿಸಬೇಕಾದರೆ ರೆಸಿಸ್ಟರ್ 1.3 ಓಮ್ ದಾಟಬೇಕಾಗುತ್ತದೆ, ಆಗ ಶಕ್ತಿಯೆಲ್ಲ ಅದನ್ನು ಕಾಯಿಸಲು ಹೋಗುತ್ತದೆ. 1 ಕಿಲೋಓಮ್‌ನ ಕೆಳಗಿದ್ದ ಕೆಪಾಸಿಟರಿನ ಒಂದು ಕಾಲನ್ನು ಎತ್ತಿ ಒಂದು ತಂತಿ ಬೆಸೆದರೆ ಮುಗಿಯಿತು.

ಮುಗಿಯಲಿಲ್ಲ. 8 ಓಮ್‌ಗೆ 1.00 ವೋಲ್ಟ್, 16 ಓಮ್‌ಗೂ 1.00. ಬೆಸುಗೆ ನೋಡಿದೆ, ಸರಿಯಿತ್ತು. ಲೆಕ್ಕ ನೋಡಿದೆ, ಸರಿಯಿತ್ತು. ಕೊನೆಗೆ ಕಣ್ಣು ಸ್ಪೀಕರ್ ಜ್ಯಾಕಿನ ಮೇಲೆ ಬಿತ್ತು. ಅದು ಲೋಹದ್ದು, ಅದರ ಕೊರಳು ನಟ್ಟಿನಿಂದ ಶಾಸಿಗೆ ಬಿಗಿದಿತ್ತು. ನನ್ನ 0.47 ಓಮನ್ನು ಶಾಸಿಯೇ ಅಡ್ಡದಾರಿಯಲ್ಲಿ ದಾಟಿಸುತ್ತಿತ್ತು. ಪ್ಲಾಸ್ಟಿಕ್ ಜ್ಯಾಕ್ ಹಾಕಿದೆ. ಮತ್ತೆ ಅಳೆದೆ, ಮತ್ತೆ 1.00! ಈ ಬಾರಿ ಕಳ್ಳ ಆಸಿಲೋಸ್ಕೋಪ್. ಅದರ ಗ್ರೌಂಡ್ ಕ್ಲಿಪ್ಪನ್ನು ರೂಢಿಯಂತೆ ಸ್ಪೀಕರಿನ ಋಣ ತುದಿಗೆ ಸಿಕ್ಕಿಸಿದ್ದೆ. ಆ ತುದಿ ಈಗ ಗ್ರೌಂಡ್ ಅಲ್ಲ, ಕ್ಲಿಪ್ ಮಾತ್ರ ಗ್ರೌಂಡೇ. ಎರಡು ಪ್ರೋಬ್ ಬಳಸಿ ವ್ಯತ್ಯಾಸ ಅಳೆದಾಗ 1.40 ವೋಲ್ಟ್ ಕಂಡಿತು, ಲೆಕ್ಕ ಹೇಳಿದಷ್ಟೇ. ಗೇನ್ (ಸಂಕೇತವನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು) ಅರ್ಧಕ್ಕಿಂತ ಕೆಳಗೆ ಕುಸಿಯಿತು, ಅದನ್ನು ಇದಕ್ಕೂ ಮುಂಚಿನ ಹಂತದಲ್ಲಿ ತುಂಬಿಕೊಟ್ಟೆ. ಹೆಚ್ಚು ಆವರ್ತನದ ಆಂದೋಲನ ಎದ್ದಿಲ್ಲವೆಂದು ಪರದೆಯಲ್ಲಿ ಖಚಿತಪಡಿಸಿಕೊಂಡೆ.

ಕೇಳುವ ಪರೀಕ್ಷೆ

ಪ್ರಿಆಂಪ್ ಒಂದೇ ಇರಬೇಕು, ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ವಾಲ್ವ್ ಆಂಪಿನ ವಾಲ್ಯೂಮ್ ಗುಂಡಿಯ ನಂತರದ ಸಂಕೇತವನ್ನು ಒಂದು ಟಿಎಲ್072 ಬಫರಿನ ಮೂಲಕ ಟ್ರಾನ್ಸಿಸ್ಟರ್ ಆಂಪಿನ ಔಟ್‌ಪುಟ್ ಹಂತಕ್ಕೆ ಕೊಟ್ಟೆ. ಸ್ಪೀಕರ್ ಒಂದೇ, ಅದರ ಎರಡೂ ತಂತಿಗಳನ್ನು ಒಟ್ಟಿಗೆ ಬದಲಿಸುವ ಸ್ವಿಚ್. ಬದಲಾಗುವ ಕ್ಷಣದಲ್ಲೂ ವಾಲ್ವ್ ಆಂಪ್ ಬರಿದಾಗದಂತೆ ಅದರ ಔಟ್‌ಪುಟ್ಟಿಗೆ 330 ಓಮ್ ಖಾಯಂ ಕಟ್ಟಿದೆ, ತಂತಿ ಮುಟ್ಟದಿರುವಾಗ ಮಾತ್ರ ಸ್ವಿಚ್ ಒತ್ತಿದೆ. ಎರಡರ ಮಟ್ಟವನ್ನೂ ಮೀಟರಿನಲ್ಲಿ ಸಮ ಮಾಡಿದೆ. ಇದನ್ನು ಮಾಡದವರ ಹೋಲಿಕೆಯನ್ನು ನಾನು ನಂಬುವುದಿಲ್ಲ: ಒಂದು ಡೆಸಿಬೆಲ್ ಜೋರಿದ್ದದ್ದೇ ಕಿವಿಗೆ ಚೆಂದ ಕೇಳುತ್ತದೆ.

ಗೆಳೆಯ ಗೋಡೆಗೆ ಮುಖ ಮಾಡಿ ಕೂತು ನುಡಿಸಿದ. 0.47 ಓಮನ್ನು ಶಾರ್ಟ್ ಮಾಡಿಟ್ಟು, ಅಂದರೆ ಟ್ರಾನ್ಸಿಸ್ಟರ್ ಆಂಪ್ ಮೊದಲಿನಂತೆಯೇ ಇದ್ದಾಗ, ಹತ್ತಕ್ಕೆ ಹತ್ತೂ ಸರಿ ಹೇಳಿದ. ಶಾರ್ಟ್ ತೆಗೆದ ಮೇಲೆ, ಸ್ವಚ್ಛ ಸದ್ದಿನಲ್ಲಿ, ಹತ್ತಕ್ಕೆ ಆರು. ನಡುವೆ ಒಮ್ಮೆ ಕೈ ನಿಲ್ಲಿಸಿ, "ನೀನು ಸ್ವಿಚ್ ಒತ್ತುತ್ತಲೇ ಇಲ್ಲ ಅಲ್ಲವೇ?" ಎಂದು ಕೇಳಿದ. ಒತ್ತುತ್ತಲೇ ಇದ್ದೆ.

ಆಮೇಲೆ ವಾಲ್ಯೂಮ್ ಪೂರ್ತಿ ಏರಿಸಿ ವಾಲ್ವ್‌ಗಳನ್ನು ಹಿಂಡುವಂತೆ ನುಡಿಸಿದ. ಹತ್ತಕ್ಕೆ ಒಂಬತ್ತು. ಮೀಟಿದ ಕ್ಷಣ ಸದ್ದು ತಗ್ಗಿ, ಪೂರೈಕೆ ಚೇತರಿಸಿಕೊಂಡಂತೆ ಸ್ವರ ಅರಳುವುದು ಕಣ್ಣು ಮುಚ್ಚಿದ್ದರೂ ತಿಳಿಯುತ್ತಿತ್ತು. ಅದನ್ನು ನನ್ನ ರೆಸಿಸ್ಟರ್ ಕೊಡಲಾರದು. ಆದರೆ 15 ವ್ಯಾಟ್ ಪೂರ್ತಿ ಏರಿಸಿದರೆ ಅದೇ ಕೋಣೆಯಲ್ಲಿ ಕೂಗಿದರೂ ಮಾತು ಕೇಳುವುದಿಲ್ಲ. ಮನೆಯಲ್ಲಿ ಆ ಮಟ್ಟಕ್ಕೆ ಎಷ್ಟು ಸಲ ಹೋಗುತ್ತೀಯ ಎಂದು ಕೇಳಿದೆ. ಅವನು ಉತ್ತರಿಸಲಿಲ್ಲ. ಇನ್ನು ಪೆಡಲ್ಲಿನಲ್ಲೇ ಸಂಕೇತ ಪೂರ್ತಿ ಕತ್ತರಿಸಿಕೊಂಡು ಬಂದರೆ ಔಟ್‌ಪುಟ್ ಹಂತದ ಬಾಗುವಿಕೆಗೆ ಕೆಲಸವೇ ಉಳಿಯುವುದಿಲ್ಲ. ಅದನ್ನೂ ನುಡಿಸಿ ನೋಡಿದೆವು, ಇಬ್ಬರಿಗೂ ಗುರುತು ಸಿಗಲಿಲ್ಲ. ಎಲ್ಲ ಟ್ರಾನ್ಸಿಸ್ಟರ್ ಆಂಪ್‌ಗಳೂ ವಾಲ್ವಿನಂತೆ ನಟಿಸಬೇಕೆಂದೇನೂ ಇಲ್ಲ. 1975ರಲ್ಲಿ ಬಂದ ರೋಲ್ಯಾಂಡ್ ಜೆಸಿ-120ನ್ನು ಗಿಟಾರಿಗರು ಇಂದಿಗೂ ಹುಡುಕಿಕೊಂಡು ಹೋಗುವುದು ಅದರ ಅಚ್ಚ ಸ್ವಚ್ಛ ಟ್ರಾನ್ಸಿಸ್ಟರ್ ಸದ್ದಿಗಾಗಿಯೇ.

ಉಳಿದ ಚಿಲ್ಲರೆ ಕೆಲಸ

ಅದಕ್ಕಾಗಿಯೇ ಹಳೆಯ ಸದ್ದನ್ನೂ ಉಳಿಸಿಕೊಟ್ಟೆ. ಟ್ರಾನ್ಸಿಸ್ಟರ್ ಆಂಪಿನ ಹಿಂಬದಿಯಲ್ಲಿ ಒಂದು ಜೋಡಿ ಸ್ವಿಚ್: ಒಂದು ಬದಿ 0.47 ಓಮನ್ನು ಶಾರ್ಟ್ ಮಾಡುತ್ತದೆ, ಇನ್ನೊಂದು ಬದಿ ಗೇನ್ ಸರಿದೂಗಿಸುತ್ತದೆ. ಶಾರ್ಟ್ ಮಾಡುವ ಬದಿಗೆ ದಪ್ಪ ತಂತಿ ಬೇಕು, ಅಲ್ಲಿ ಎರಡು ಆಂಪ್‌ಗೂ ಹೆಚ್ಚು ಹರಿಯುತ್ತದೆ. ಈ ಸ್ಪೀಕರ್ ಜ್ಯಾಕಿನ ಋಣ ತುದಿ ಗ್ರೌಂಡ್ ಅಲ್ಲ ಎಂದು ಒಳಮುಚ್ಚಳದ ಮೇಲೆ ಬರೆದು ಅಂಟಿಸಿದೆ, ಮುಂದೆ ಬಿಚ್ಚುವವರು ನನ್ನಂತೆ ಒಂದು ಸಂಜೆ ಕಳೆದುಕೊಳ್ಳುವುದು ಬೇಡ.

ವಾಲ್ವ್ ಆಂಪಿನಲ್ಲಿ ಮೊದಲ ಇಸಿಸಿ83ನ್ನು ಪೆನ್ಸಿಲ್ಲಿನಿಂದ ತಟ್ಟಿದರೆ ಸ್ಪೀಕರಿನಲ್ಲಿ ಗಂಟೆಯಂತೆ ಠಣ್ ಎನ್ನುತ್ತಿತ್ತು. ಒಳಗಿನ ಬಿಡಿಭಾಗ ಸಡಿಲಾಗಿ ವಾಲ್ವೇ ಮೈಕ್ ಆಗಿಬಿಟ್ಟಿದೆ. ಎಸೆಯಲಿಲ್ಲ. ಅದನ್ನು ಫೇಸ್ ವಿಭಜಿಸುವ (ಎರಡು ಇಎಲ್84ಗಳಿಗೆ ಸಂಕೇತವನ್ನು ಒಂದಕ್ಕೊಂದು ತಿರುವುಮುರುವಾಗಿ ಹಂಚುವ) ಸಾಕೆಟ್ಟಿಗೂ ಅಲ್ಲಿದ್ದದ್ದನ್ನು ಮೊದಲ ಸಾಕೆಟ್ಟಿಗೂ ಅದಲುಬದಲು ಮಾಡಿದೆ. ಅಲ್ಲಿಂದ ಮುಂದೆ ಗೇನ್ ಕಡಿಮೆಯಿರುವುದರಿಂದ ತಟ್ಟಿದರೂ ಈಗ ಕೇಳಿಸುವುದಿಲ್ಲ. ಎರಡನ್ನೂ ಒಂದೊಂದು ಗಂಟೆ ನಡೆಸಿ ಬಯಾಸ್ ಮತ್ತೊಮ್ಮೆ ಅಳೆದೆ: ಒಂದು 10.4 ವೋಲ್ಟ್, ಇನ್ನೊಂದು 11 ಮಿಲಿವೋಲ್ಟ್. ಗೆಳೆಯ ಬಂದು ಎರಡನ್ನೂ ಒಯ್ದ. ಟ್ರಾನ್ಸಿಸ್ಟರ್ ಆಂಪ್ ಮೊದಲು ಹೋಯಿತು, ಅದು ಹಗುರ.